ರಿಚರ್ಡ್ ರೇಟಿ: ಪಂದ್ಯಗಾರ, ಅಂತ್ಯಾಟ ರಚನಕಾರ

ರಿಚರ್ಡ್ ರೇಟಿ 1889ರ ಮೇ 28ರಂದು, ಆಗ ಆಸ್ಟ್ರಿಯಾ-ಹಂಗೇರಿಗೆ ಸೇರಿದ್ದು ಈಗ ಸ್ಲೊವಾಕಿಯಾದಲ್ಲಿರುವ ಪೆಜಿನೊಕ್‌ನಲ್ಲಿ ಹುಟ್ಟಿದ. ಅಣ್ಣ ರುಡಾಲ್ಫ್ ಸಂಗೀತಶಾಸ್ತ್ರಜ್ಞನಾಗಿ ಹೆಸರು ಮಾಡಿದರೆ, ಗಣಿತ ಕಲಿಯಲು ವಿಯೆನ್ನಾಕ್ಕೆ ಹೋದ ತಮ್ಮನನ್ನು ಚದುರಂಗ ಸೆಳೆದುಕೊಂಡಿತು. ಮೊದಲ ಹೆಜ್ಜೆ ಕಷ್ಟದ್ದೇ. 1908ರ ವಿಯೆನ್ನಾ ಟೂರ್ನಿಯಲ್ಲಿ ಒಂದೂ ಗೆಲುವಿಲ್ಲದೆ ಕೊನೆಯವನಾದ. 1920ರ ಯೋಟೆಬೊರ್ಗ್ ಟೂರ್ನಿಯನ್ನು ಗೆಲ್ಲುವ ಹೊತ್ತಿಗೆ ಯುರೋಪಿನ ಮುಂಚೂಣಿ ಆಟಗಾರರಲ್ಲಿ ಒಬ್ಬನಾಗಿದ್ದ.

ಗೆಲುವಿಗೋ ಡ್ರಾಗೋ ಒಂದೇ ದಾರಿ ಉಳಿಯುವಂತೆ ಕಟ್ಟಿದ ಕೊನೆಯಾಟದ ಸ್ಥಿತಿಯೇ ಅಂತ್ಯಾಟ ರಚನೆ. ಈ ಪ್ರಕಾರದಲ್ಲಿ ರೇಟಿ 1921ರಲ್ಲಿ ಪ್ರಕಟಿಸಿದ ರಚನೆಯಷ್ಟು ಕಡಿಮೆ ಕಾಯಿಗಳಲ್ಲಿ ಅಷ್ಟು ದೊಡ್ಡ ವಿಚಾರ ಹೇಳಿದ್ದು ಅಪರೂಪ. ಬಿಳಿ ರಾಜ ಎಚ್8, ಕಾಲಾಳು ಸಿ6. ಕಪ್ಪು ರಾಜ ಎ6, ಕಾಲಾಳು ಎಚ್5. ಮೊದಲ ನಡೆ ಬಿಳಿಯದು, ಡ್ರಾ ಸಾಧಿಸಬೇಕು. ಓಡುವ ಕಪ್ಪು ಕಾಲಾಳನ್ನು ಹಿಡಿಯಲು ಬಿಳಿ ರಾಜನಿಗೆ ಎರಡು ನಡೆ ಕಡಿಮೆ ಬೀಳುತ್ತದೆ. ಬಿಳಿ ಕಾಲಾಳೋ ಕಪ್ಪು ರಾಜನ ಕೈಯಳತೆಯಲ್ಲೇ ಇದೆ. ಕಾಗದದ ಮೇಲೆ ಕರ್ಣ ಬಾಹುವಿಗಿಂತ ಉದ್ದ, ರಾಜನ ನಡೆಯಲ್ಲಿ ಎರಡೂ ಸಮ: ಪರಿಹಾರ ಇರುವುದು ಇಲ್ಲಿಯೇ. ಜಿ7, ಎಫ್6, ಇ5 ಎಂದು ಓರೆಯಾಗಿ ಇಳಿಯುವ ರಾಜ ಕಪ್ಪು ಕಾಲಾಳನ್ನು ಅಟ್ಟುತ್ತಲೇ ತನ್ನ ಕಾಲಾಳಿಗೂ ಹತ್ತಿರವಾಗುತ್ತಾನೆ. ಇ5ರಲ್ಲಿ ನಿಂತಾಗ ಕಪ್ಪು ರಾಜ ಸಿ6ರ ಕಾಲಾಳನ್ನು ಹೊಡೆದರೆ ಬಿಳಿ ರಾಜ ಎಫ್4ಕ್ಕೆ ಬಂದು ಎದುರಾಳಿಯ ಕಾಲಾಳನ್ನು ಹಿಡಿಯುತ್ತಾನೆ. ಅದು ಎಚ್3ಕ್ಕೆ ಓಡಿದರೆ ಡಿ6ಕ್ಕೆ ತಿರುಗಿ ತನ್ನ ಕಾಲಾಳಿಗೆ ಆಸರೆಯಾಗುತ್ತಾನೆ. ಆಗ ಎರಡೂ ಕಡೆ ಮಂತ್ರಿ ಹುಟ್ಟಿ ಆಟ ಡ್ರಾ.

ಒಂದೇ ನಡೆಯಿಂದ ಎರಡು ಕೆಲಸ ಮಾಡಿಸುವ ಈ ಮನೋಧರ್ಮ ಪಂದ್ಯಗಳಲ್ಲೂ ಕಾಣುತ್ತದೆ. ನಡುಮನೆಗಳನ್ನು ಮೊದಲೇ ಕಾಲಾಳುಗಳಿಂದ ತುಂಬದೆ, ಅಂಚಿನ ಒಂಟೆಗಳಿಂದ ದೂರದಲ್ಲೇ ಒತ್ತುವುದು ಆತನ ಕ್ರಮ. ಕುದುರೆಯನ್ನು ಎಫ್3ಕ್ಕೆ ತಂದು ತೊಡಗುವ ಆರಂಭಕ್ಕೆ ಆತನ ಹೆಸರೇ ನಿಂತಿದೆ. ಇದೇ ಬಗೆಯ ಆಟದಿಂದ 1924ರ ನ್ಯೂಯಾರ್ಕ್ ಟೂರ್ನಿಯಲ್ಲಿ, ಎಂಟು ವರ್ಷ ಸೋಲು ಕಾಣದಿದ್ದ ವಿಶ್ವ ಚಾಂಪಿಯನ್ ಕಾಪಬ್ಲಾಂಕಾನನ್ನು 31 ನಡೆಗಳಲ್ಲಿ ಸೋಲಿಸಿದ. ಅಲ್ಲಿಯೇ ಬೊಗೊಲ್ಯುಬೊವ್ ವಿರುದ್ಧದ ಆಟ ಅತ್ಯಂತ ಸುಂದರ ಪಂದ್ಯದ ಮೊದಲ ಬಹುಮಾನ ಪಡೆಯಿತು. ಮರುವರ್ಷ ಸಾವೊ ಪಾಲೊದಲ್ಲಿ ಹಲಗೆ ನೋಡದೆ ಒಟ್ಟಿಗೆ 29 ಆಟಗಳನ್ನಾಡಿ 21 ಗೆದ್ದು, 6 ಡ್ರಾ ಮಾಡಿಕೊಂಡು, 2 ಸೋತದ್ದು ಅಂದಿನ ವಿಶ್ವದಾಖಲೆ.

1929ರ ಜೂನ್ 6ರಂದು ಸ್ಕಾರ್ಲೆಟ್ ಜ್ವರದಿಂದ ಪ್ರಾಗ್‌ನಲ್ಲಿ ತೀರಿಕೊಂಡಾಗ ರೇಟಿಗೆ ಬರೀ 40. ಚದುರಂಗದ ದಿಗ್ಗಜರನ್ನು ಕುರಿತು ಬರೆಯುತ್ತಿದ್ದ ಗ್ರಂಥ ಅಪೂರ್ಣವಾಗಿಯೇ 1930ರಲ್ಲಿ ಹೊರಬಂತು. ಸ್ವತಃ ರಚನಕಾರನಾಗಿದ್ದ ಆರ್ಟುರ್ ಮಾಂಡ್ಲರ್ 1931ರಲ್ಲಿ ರೇಟಿಯ ಅಂತ್ಯಾಟ ರಚನೆಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ.