ಯಲಹಂಕದ ಗಾಲಿ: ಎರಕವೋ ಉರುಳಿಕೆಯೋ

ಯಲಹಂಕದ ಗಾಲಿ ಮತ್ತು ಅಚ್ಚು ಕಾರ್ಖಾನೆಯು 1984ರ ಸೆಪ್ಟೆಂಬರಿನಲ್ಲಿ ಇಂದಿರಾ ಗಾಂಧಿಯವರಿಂದ ಉದ್ಘಾಟಿತವಾಯಿತು. ಕೈಗಾರಿಕಾ ಚರಿತ್ರೆಯನ್ನು ಬರೆಯುವವರು ಇದನ್ನು ವಿದೇಶೀ ವಿನಿಮಯದ ಉಳಿತಾಯವೆಂದು ಒಂದೇ ವಾಕ್ಯದಲ್ಲಿ ಮುಗಿಸುವುದುಂಟು. ಅಲ್ಲಿ ಕೈಗೊಂಡ ತಾಂತ್ರಿಕ ನಿರ್ಧಾರವೇ ನಮಗೆ ಹೆಚ್ಚು ವಿಚಾರಾರ್ಹವಾಗಿ ತೋರುತ್ತದೆ.

ದುರ್ಗಾಪುರದ ಪದ್ಧತಿ ಬೇರೆ. ಅಲ್ಲಿ ಕಾದ ಉಕ್ಕಿನ ತುಂಡನ್ನು ಒತ್ತುಯಂತ್ರದಲ್ಲಿ ಅದುಮಿ, ಅಂಚನ್ನು ಉರುಳೆಗಳ ನಡುವೆ ಹಿಗ್ಗಿಸಿ ಗಾಲಿಯನ್ನು ರೂಪಿಸುತ್ತಾರೆ. ಈ ಬಿಸಿ ಉರುಳಿಕೆಯಿಂದ ದೊರೆಯುವುದು ಆಕಾರವೊಂದೇ ಅಲ್ಲ. ಉಕ್ಕು ಹೆಪ್ಪುಗಟ್ಟುವಾಗ ಬೆಳೆದ ಒರಟು ಹರಳುಗಳು ಅಳಿದು ಸಣ್ಣ ಹರಳುಗಳು ಹುಟ್ಟುತ್ತವೆ; ಒಳಗಿನ ಪೊಳ್ಳುಗಳು ಮುಚ್ಚಿಕೊಳ್ಳುತ್ತವೆ.

ಯಲಹಂಕದಲ್ಲಿ ಗಾಲಿಯ ಮಟ್ಟಿಗೆ ಈ ಹಂತವನ್ನೇ ಕೈಬಿಡಲಾಯಿತು. ಅಮೆರಿಕದ ಗ್ರಿಫಿನ್ ಸಂಸ್ಥೆಯ ಪದ್ಧತಿಯಂತೆ, ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗಾಳಿಯ ಒತ್ತಡದಿಂದ ಕೆಳಗಿನಿಂದ ಮೇಲಕ್ಕೆ ಗ್ರಾಫೈಟಿನ ಪಡಿಯಚ್ಚಿನೊಳಗೆ ಏರಿಸುತ್ತಾರೆ. ಉರುಳೆ ಮಾಡಬೇಕಾದ ಕೆಲಸದ ಹೊಣೆ ಇಲ್ಲಿ ಪಡಿಯಚ್ಚಿನ ಮೇಲೂ ಅನಂತರದ ಉಷ್ಣೋಪಚಾರದ ಮೇಲೂ ಬೀಳುತ್ತದೆ. ಗಾಲಿಯನ್ನು ಮತ್ತೆ ಕಾಯಿಸಿ ಅಂಚಿಗೆ ನೀರನ್ನು ಚಿಮ್ಮಿಸಿ ತಣಿಸಿದಾಗ, ಅಲ್ಲಿ ಪರ್ಲೈಟ್ ಎಂಬ ರಚನೆ, ಎಂದರೆ ಮೃದುವಾದ ಕಬ್ಬಿಣ ಮತ್ತು ಗಡಸಾದ ಕಾರ್ಬೈಡುಗಳ ಹೆಣೆದ ಪದರಗಳು, ಬಹು ತೆಳುವಾಗಿ ಮೂಡುತ್ತದೆ. ಪದರ ತೆಳುವಾದಷ್ಟೂ ಹಳಿಯ ಮೇಲೆ ಸವೆತ ಕಡಿಮೆ. ಸವೆತವೊಂದನ್ನೇ ನೋಡಿದರೆ ಉರುಳಿಸದ ಗಾಲಿಯನ್ನು ಹೀನವೆನ್ನಲಾಗದು.

ಆದರೆ ಅದೇ ಆವರಣದಲ್ಲಿ ಅಚ್ಚನ್ನು ಎರಕ ಹೊಯ್ಯುವುದಿಲ್ಲ, ಕಾಯಿಸಿ ಬಡಿಯುತ್ತಾರೆ. ಓಡುವ ಗಾಡಿಯ ಅಚ್ಚಿನ ಒಂದೊಂದು ಬದಿಯೂ ಪ್ರತಿ ಸುತ್ತಿನಲ್ಲಿ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. ಮೈಯ ಸಮೀಪದಲ್ಲಿ ಪೊಳ್ಳೊಂದಿದ್ದರೆ ಬಿರುಕಿಗೆ ಅದೇ ಮೂಲವಾಗಬಹುದು. ಈ ಭೇದವನ್ನು ಗಮನಿಸದೆ, ಎರಕದ ಪದ್ಧತಿ ಹಿಂದುಳಿದದ್ದೆಂದು ಹೇಳುವುದು (ಹಾಗೆ ಹೇಳುವವರು ವಿರಳರೇನೂ ಅಲ್ಲ) ಅವಸರದ ತೀರ್ಪೆಂದೇ ನಮ್ಮ ಅಭಿಪ್ರಾಯ.

ಹಾಗೆಂದು ಆ ನಿರ್ಧಾರಕ್ಕೆ ಮಿತಿಯಿರಲಿಲ್ಲವೆಂದಲ್ಲ. ವೇಗದ ಗಾಡಿಗಳಿಗೆ ಬಡಿದು ಉರುಳಿಸಿದ ಗಾಲಿಯನ್ನೇ ಬಯಸಲಾಯಿತು. ಅದಕ್ಕಾಗಿ ಹೊರದೇಶಗಳ ಅವಲಂಬನೆ ಮುಂದುವರಿಯಿತು. ವಂದೇ ಭಾರತ್ ಗಾಡಿಗಳಿಗೆಂದು ಯುಕ್ರೇನಿನಿಂದ 36,000 ಗಾಲಿಗಳನ್ನು ತರಿಸಲು ಗೊತ್ತುಮಾಡಿದ್ದಾಗ, 2022ರಲ್ಲಿ ಅಲ್ಲಿ ಯುದ್ಧ ಹತ್ತಿಕೊಂಡಿತು. ಸಿದ್ಧವಾಗಿದ್ದ ಕೆಲವನ್ನು ರಸ್ತೆಯ ಮೂಲಕ ರುಮೇನಿಯಾಕ್ಕೆ ಸಾಗಿಸಿ, ಅಲ್ಲಿಂದ ವಿಮಾನದಲ್ಲಿ ತರಬೇಕಾಯಿತು. ರಾಯಬರೇಲಿ ಜಿಲ್ಲೆಯ ಲಾಲ್‌ಗಂಜಿನಲ್ಲಿ ವಿಶಾಖಪಟ್ಟಣದ ಉಕ್ಕು ಸಂಸ್ಥೆಯು ಕಟ್ಟಿದ ಕಾರ್ಖಾನೆ ಬಡಿದ ಗಾಲಿಗಳಿಗೆಂದೇ ಸ್ಥಾಪಿತವಾದದ್ದು.