ರಬ್ಬರ್ ಕಾಲನಿಯವರ ಪುಕ್ಕಟೆ ವೀಸಾ

ನಾನು ಸುಳ್ಯದ ಕಡೆ ಶಾಲೆಗೆ ಹೋಗುತ್ತಿದ್ದಾಗ ನಮ್ಮ ಕ್ಲಾಸಿನಲ್ಲಿ ರಬ್ಬರ್ ಕಾಲನಿಯ ಮೂರ್ನಾಲ್ಕು ಮಕ್ಕಳಿದ್ದರು. ಮನೆಯಲ್ಲಿ ತಮಿಳು, ನಮ್ಮೊಟ್ಟಿಗೆ ತುಳು, ಟೀಚರ ಎದುರು ಕನ್ನಡ. ನಮಗೆ ಅವರು ‘ಸಿಲೋನಿನವರು’. ಸಿಲೋನ್ ಅಂದರೆ ರೇಡಿಯೋ ಅಂತಷ್ಟೇ ಗೊತ್ತಿದ್ದ ಕಾಲ ಅದು. ಇವರು ಅಲ್ಲಿಂದ ಯಾಕೆ ಬಂದರು ಅಂತ ನಾವ್ಯಾರೂ ಕೇಳಲಿಲ್ಲ..

ಶುರುವಾದದ್ದು ಕಾಫಿಯಿಂದ. 19ನೇ ಶತಮಾನದಲ್ಲಿ ತಮಿಳುನಾಡಿನ ಹಳ್ಳಿಗಳಿಂದ ಜನ ಕಾಫಿ ಕೊಯ್ಲಿಗೆ ಸಿಲೋನಿಗೆ ಹೋಗಿ, ಕೊಯ್ಲು ಮುಗಿದ ಮೇಲೆ ಊರಿಗೆ ಮರಳುತ್ತಿದ್ದರು. ಥೇಟ್ ಸೀಸನ್ ಕೆಲಸ. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು ಕಾಫಿ ನೆಲಕಚ್ಚಿತು. ಆ ಜಾಗಕ್ಕೆ ಚಹಾ ಬಂತು. ಚಹಾ ಚಿಗುರನ್ನು ವರ್ಷವಿಡೀ ಕೀಳಬೇಕು ನೋಡಿ, ಹಾಗಾಗಿ ಸೀಸನ್ನಿಗೆ ಹೋದವರು ಸಂಸಾರ ಸಮೇತ ಅಲ್ಲೇ ಲೈನ್ ಮನೆಗಳಲ್ಲಿ ಉಳಿದರು. ಬೆಳೆ ಬದಲಾದದ್ದಕ್ಕೆ ಬದುಕೇ ಬದಲಾಯಿತು!

ಕಾನೂನು ಮಾತ್ರ ಅವರನ್ನು ಹೊರಗಿನವರೆಂದೇ ನೋಡಿತು. ಸ್ವತಂತ್ರ ಸಿಲೋನಿನ 1948ರ ಪೌರತ್ವ ಕಾಯ್ದೆಯ ಪ್ರಕಾರ ಅಪ್ಪ, ಇಲ್ಲವೇ ಅಜ್ಜ ಮತ್ತು ಮುತ್ತಜ್ಜ ಇಬ್ಬರೂ ಅಲ್ಲೇ ಹುಟ್ಟಿದ್ದಕ್ಕೆ ದಾಖಲೆ ತೋರಿಸಬೇಕಿತ್ತು. ತೋಟದ ಲೈನಿನಲ್ಲಿ ಹುಟ್ಟಿದವರ ಹತ್ತಿರ ಅದೆಲ್ಲಿಂದ ಬರಬೇಕು? ಲಕ್ಷಗಟ್ಟಲೆ ಜನ ಯಾವ ದೇಶಕ್ಕೂ ಸೇರದವರಾದರು.

1964ರ ಅಕ್ಟೋಬರ್ 30ರಂದು ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. ಒಟ್ಟು 9,75,000 ಜನರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ ಒಂದೂವರೆ ಲಕ್ಷದ ಲೆಕ್ಕ ಆಮೇಲೆ. (1974ರಲ್ಲಿ ಇಂದಿರಾ ಕಾಲದಲ್ಲಿ ಅವರನ್ನೂ ಅರ್ಧರ್ಧ ಹಂಚಿದ್ದಾಯಿತು.) ನನ್ನನ್ನು ಹಿಡಿದು ನಿಲ್ಲಿಸಿದ್ದು ಒಪ್ಪಂದದ ಸಣ್ಣ ಅಕ್ಷರದ ಷರತ್ತುಗಳು. ಭಾರತಕ್ಕೆ ಹೊರಡಬೇಕಾದವರಿಗೆ ಅಲ್ಲಿಯವರೆಗೆ ಪುಕ್ಕಟೆ ವೀಸಾ. ಕೆಲಸದಲ್ಲಿದ್ದವರು ಹೊರಡುವ ದಿನದವರೆಗೆ ಅಥವಾ 55 ವರ್ಷ ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮುಂದುವರಿಯಬಹುದು. ಒಂದು ಕುಟುಂಬ ಒಯ್ಯಬಹುದಾದ ಆಸ್ತಿಯ ಮಿತಿಯನ್ನು 4,000 ರೂಪಾಯಿಗಿಂತ ಕೆಳಗಿಳಿಸುವಂತಿಲ್ಲ. ತಾನು ಹುಟ್ಟಿದ ಮನೆಯಲ್ಲೇ ಇರಲು ವೀಸಾ! ಅದೂ ಉಚಿತ ಅಂತ ಉಪಕಾರ ಬೇರೆ. 1971ರಲ್ಲಿ ನಿಯಮ ಮತ್ತೆ ಬಿಗಿಯಾಯಿತು: ಏಳು ಮಂದಿ ನಿಜವಾಗಿ ಹೊರಟು ಹೋದರೆ ಮಾತ್ರ ನಾಲ್ವರಿಗೆ ಅಲ್ಲಿನ ಪೌರತ್ವ.

ಹಾಗೆ ತಲೈಮನ್ನಾರಿನಿಂದ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದವರಲ್ಲಿ ಒಂದಷ್ಟು ಕುಟುಂಬಗಳನ್ನು ಸರ್ಕಾರ ನಮ್ಮ ಪುತ್ತೂರು, ಸುಳ್ಯದ ರಬ್ಬರ್ ತೋಟಗಳಿಗೆ ಕಳಿಸಿತು. ಕಡಬ ಆಗಿನ್ನೂ ಪುತ್ತೂರು ತಾಲೂಕಿನಲ್ಲೇ ಇತ್ತು. 1971ರಲ್ಲಿ ಹುಟ್ಟಿದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಗೆ ಈ ತೋಟಗಳು ಬಂದವು. ಚಹಾ ಚಿಗುರು ಕಿತ್ತ ಕೈಗಳು ಬೆಳಗಿನ ಜಾವ ಟ್ಯಾಪಿಂಗ್ ಕತ್ತಿ ಹಿಡಿದವು. 1984ರಲ್ಲಿ ಯುದ್ಧದಿಂದಾಗಿ ಹಡಗೂ ನಿಂತಿತು. ಒಂದೇ ಮನೆಯ ಕೆಲವರು ಅಲ್ಲಿ, ಕೆಲವರು ಇಲ್ಲಿ.

ಕಾಲನಿಯಲ್ಲಿರುವ ನನ್ನ ಹಳೇ ದೋಸ್ತಿಯೊಬ್ಬ ಮೊನ್ನೆ ಸಿಕ್ಕಿದ್ದ. ಮಗಳಿಗೆ ಜಾತಿ ಸರ್ಟಿಫಿಕೇಟು ಮಾಡಿಸಲು ಓಡಾಡುತ್ತಿದ್ದಾನಂತೆ. ಕಚೇರಿಯಲ್ಲಿ ಏನು ಕೇಳಿದರು ಅಂದೆ.

“ಅಜ್ಜ ಎಲ್ಲಿ ಹುಟ್ಟಿದ್ದು, ಅದಕ್ಕೆ ದಾಖಲೆ ತಾ ಅಂದರು ಮಾರಾಯ” ಅಂದ.