ಮೊದಲ ಪ್ರೋಗ್ರಾಮ್

ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರು ಬರೆದು, ಕಂಪೈಲ್ ಮಾಡಿ, ಓಡಿಸುವ ಪುಟ್ಟ ಪ್ರೋಗ್ರಾಮ್. ಪರದೆಯ ಮೇಲೆ 'ಹಲೋ, ವರ್ಲ್ಡ್' ಮೂಡಿಸುವ ವಾಡಿಕೆ ಕಂಪ್ಯೂಟರ್ ವಿಜ್ಞಾನಿ ಬ್ರಯಾನ್ ಕರ್ನಿಘನ್ ಅವರ ಬರಹಗಳಿಂದ, ವಿಶೇಷವಾಗಿ 1978ರ ಸಿ ಭಾಷೆಯ ಪುಸ್ತಕದಿಂದ ಹರಡಿತು.

ಅಲ್ಲಿಂದ ಮುಂದೆ ಲೆಕ್ಕ ಮಾಡುವ ಪ್ರೋಗ್ರಾಮ್‌ಗಳು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿಗಳ ಎಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಸ್ಥಾಪನೆಯಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದರ 2022ರ ಸಿ ಪ್ರಯೋಗಪಟ್ಟಿಯಲ್ಲಿ ವಿದ್ಯುತ್ ಬಿಲ್ಲಿನ ಲೆಕ್ಕವೊಂದಿತ್ತು: ಮೊದಲ 200 ಯೂನಿಟ್‌ಗೆ ತಲಾ 80 ಪೈಸೆ, ಮುಂದಿನ 100ಕ್ಕೆ 90 ಪೈಸೆ, ಆಮೇಲೆ 1 ರೂಪಾಯಿ, ಮೀಟರ್ ಶುಲ್ಕ 100 ರೂಪಾಯಿ, ಮೊತ್ತ 400 ದಾಟಿದರೆ ಶೇ. 15 ಹೆಚ್ಚುವರಿ. 350 ಯೂನಿಟ್‌ಗೆ ಬಿಲ್ಲು ಸರಿಯಾಗಿ 400. 'ದಾಟಿದರೆ' ಎಂಬಲ್ಲಿ 'ಮುಟ್ಟಿದರೆ' ಎಂಬರ್ಥದ ಚಿಹ್ನೆ ಬಿದ್ದರೆ ಅದೇ ಬಿಲ್ಲು 460 ಆಗುತ್ತದೆ. ಬರಹವನ್ನು ಯಂತ್ರಸಂಕೇತವಾಗಿಸುವ ಕಂಪೈಲರ್ ಈ ತಪ್ಪನ್ನು ಹಿಡಿಯದು. ಅದು ನೋಡುವುದು ವ್ಯಾಕರಣವನ್ನು, ಉದ್ದೇಶವನ್ನಲ್ಲ. ಬಿಟ್ಟುಹೋದ ಅರ್ಧವಿರಾಮ ಚಿಹ್ನೆಯನ್ನು ಮಾತ್ರ ಸಾಮಾನ್ಯವಾಗಿ ಹಿಡಿಯುತ್ತದೆ, ಕೆಲವೊಮ್ಮೆ ಮುಂದಿನ ಸಾಲಿನತ್ತ ಬೊಟ್ಟುಮಾಡಿ. ಕಲಿಯುವವರು ದೋಷಸಂದೇಶಕ್ಕೆ ಹೆದರದೆ ಓದುವುದನ್ನು ಮೊದಲ ದಿನವೇ ರೂಢಿಸಿಕೊಳ್ಳಬೇಕು.

ವ್ಯಾಕರಣ ಸರಿಯಿದ್ದರೆ ಕಂಪೈಲರ್ ಯಂತ್ರಸಂಕೇತ ಕೊಡುತ್ತದೆ, ಲಿಂಕರ್ ಅದಕ್ಕೆ ಸಿದ್ಧ ಸಂಕೇತಗಳ ಗ್ರಂಥಾಲಯದ (ಲೈಬ್ರರಿ) ಭಾಗಗಳನ್ನು ಬೆಸೆಯುತ್ತದೆ.

ಪ್ರೋಗ್ರಾಮ್ ಪರದೆಯ ಮೇಲೆ ಮೂಡಿಸುವ ಮೊದಲ ಸಾಲು ಇಂಗ್ಲಿಷ್‌ನಲ್ಲೇ ಇರಬೇಕಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ 'ನಮಸ್ಕಾರ' ಸಲೀಸಾಗಿ ಮೂಡುತ್ತದೆ. ಕಣ್ಣಿಗೆ ನಾಲ್ಕು ಅಕ್ಷರ. ಸಿ ಎಣಿಸಿದರೆ 21 ಬೈಟ್, ಏಕೆಂದರೆ ಆ ಪದದ ಏಳು ಯೂನಿಕೋಡ್ ಸಂಕೇತಗಳಿಗೆ ತಲಾ ಮೂರು ಬೈಟ್. ಕನ್ನಡ, ಮರಾಠಿ ಎರಡೂ ಕೇಳಿಬರುವ ನಿಪ್ಪಾಣಿಯಲ್ಲಿ ಇದೇ ಪದವನ್ನು ದೇವನಾಗರಿಯಲ್ಲಿ ಬರೆದರೂ ಉತ್ತರ 21.